ಶಿವರಾತ್ರಿಗೆ ಕಡಲತೀರಕ್ಕೆ ಹೊರಟಿದ್ದೀರಾ? ಬ್ಯಾಗಿನಲ್ಲಿ ಏನಿರಬೇಕು, ಯಾವ ಫಾರ್ವರ್ಡ್ ನಂಬಬಾರದು

ಫೆಬ್ರವರಿ ಬಂತೆಂದರೆ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಿಂದ ಟಿಟಿ ಗಾಡಿಗಳು ಘಟ್ಟ ಇಳಿಯಲು ಶುರುಮಾಡುತ್ತವೆ. ಧರ್ಮಸ್ಥಳ, ಕುಕ್ಕೆ, ಉಡುಪಿ, ಕೊಲ್ಲೂರು, ಅಲ್ಲಿಂದ ಮುರುಡೇಶ್ವರ, ಗೋಕರ್ಣ. ದೇವರ ದರ್ಶನವೂ ಆಯಿತು, ಮಕ್ಕಳಿಗೆ ಸಮುದ್ರ ತೋರಿಸಿದ ಹಾಗೂ ಆಯಿತು. ಹೊರಡುವ ವಾರದಲ್ಲೇ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಒಂದು ಪಟ್ಟಿ ಬಂದು ಬೀಳುತ್ತದೆ: ಸಮುದ್ರತೀರಕ್ಕೆ ಹೋಗುವವರು ತಪ್ಪದೆ ಓದಿ, ಹತ್ತು ಜನರಿಗೆ ಕಳುಹಿಸಿ.

ಇಂಥ ಪಟ್ಟಿಗಳನ್ನು ನಾವು ಓದುತ್ತಾ ಬಂದಿದ್ದೇವೆ. ತೆಳುವಾದ ಜಾಕೆಟ್, ಕುತ್ತಿಗೆಗೆ ಶಾಲು, ಸಂಜೆಯ ಚಳಿಗೆ ಸ್ವೆಟರ್, ಮಳೆಗೆ ರೇನ್‌ಕೋಟ್, ಸಮುದ್ರ ತಣ್ಣಗಿರುತ್ತದೆ, ಇಳಿಯಬೇಡಿ. ಓದಿದರೆ ಗೊತ್ತಾಗುತ್ತದೆ, ಇದು ನಮ್ಮ ಕಡಲಿನ ಮಾತಲ್ಲ. ಯೂರೋಪಿನ ಮೆಡಿಟರೇನಿಯನ್ ತೀರಕ್ಕೆ ಮಾರ್ಚ್‌ನಲ್ಲಿ ಹೋಗುವವರಿಗೆ ಈ ಸಲಹೆ ಸರಿ. ಅಲ್ಲಿ ಮಳೆ ಬೀಳುವುದೇ ಚಳಿಗಾಲದಲ್ಲಿ, ಮಾರ್ಚ್‌ನಲ್ಲಿ ಸಮುದ್ರದ ನೀರು 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅದೇ ತಿಂಗಳಲ್ಲಿ ಕರಾವಳಿ ಕರ್ನಾಟಕದ ಅರಬ್ಬಿ ಸಮುದ್ರದ ನೀರು 28-29 ಡಿಗ್ರಿ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಓಡಿಹೋಗುತ್ತದೆ ಎನ್ನುವ ಊರಿನವರಿಗೆ ಜಾಕೆಟ್ ಹೊರಿಸುವ ಪಟ್ಟಿ ಎಲ್ಲಿಂದಲೋ ಅನುವಾದವಾಗಿ ಬಂದಿದೆ, ಅಷ್ಟೇ.

ಜಾಕೆಟ್ ಹೊತ್ತುಕೊಂಡು ಹೋದರೆ ಹೋಗುವುದು ಬ್ಯಾಗಿನ ಜಾಗ ಮಾತ್ರ. ಆದರೆ ಬಯಲುಸೀಮೆಯವರನ್ನು ಕಡಲತೀರದಲ್ಲಿ ನಿಜವಾಗಿ ಅಪಾಯಕ್ಕೆ ದೂಡುವ ಎರಡು ಸಂಗತಿಗಳು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಒಂದು ಒಣಗದ ಬೆವರು, ಇನ್ನೊಂದು ಕಾಣದ ಸೆಳವು. ಬಿಸಿಲು ನಮಗೆ ಹೊಸದಲ್ಲ, ನೀರೂ ಹೊಸದಲ್ಲ ಎನ್ನುವ ಧೈರ್ಯವೇ ಇವೆರಡರಲ್ಲೂ ಮೋಸ ಮಾಡುವುದು.

ಅದೇ 32 ಡಿಗ್ರಿ, ಬೇರೆ ಸೆಕೆ

ಹನೂರಿನಲ್ಲಿ ಮಾರ್ಚ್ ಮಧ್ಯಾಹ್ನ ಒಗೆದು ಹಿಂಡಿದ ಪಂಚೆಯನ್ನು ತಂತಿಯ ಮೇಲೆ ಹಾಕಿ. ಊಟ ಮುಗಿಸಿ ಬರುವಷ್ಟರಲ್ಲಿ ಗರಿಗರಿ ಒಣಗಿರುತ್ತದೆ. ಅದೇ ಪಂಚೆಯನ್ನು ಮಲ್ಪೆಯ ಲಾಡ್ಜಿನ ಬಾಲ್ಕನಿಯಲ್ಲಿ ರಾತ್ರಿ ಹಾಕಿದರೆ ಬೆಳಿಗ್ಗೆಯೂ ಹಸಿಹಸಿ. ನಿಮ್ಮ ಚರ್ಮದ ಮೇಲಿನ ಬೆವರಿನ ಕತೆಯೂ ಇದೇ.

ಬೆವರು ಸುರಿದರೆ ಮೈ ತಂಪಾಗುವುದಿಲ್ಲ, ಬೆವರು ಆರಿದರೆ ತಂಪಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಬಿಸಿಯನ್ನು ಮೈಯಿಂದ ಹೊತ್ತೊಯ್ಯುತ್ತದೆ. ಸುಮ್ಮನೆ ಕೂತ ಮನುಷ್ಯನ ದೇಹ ಆರು ಗಂಟೆಯಲ್ಲಿ ಹುಟ್ಟಿಸುವಷ್ಟು ಬಿಸಿ ಅದು. ಅದೇ ಒಂದು ಲೀಟರ್ ಬೆವರು ಆವಿಯಾಗದೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ, ನೀರೂ ಉಪ್ಪೂ ಹೋಯಿತು, ತಂಪು ಮಾತ್ರ ಸಿಗಲಿಲ್ಲ.

ನಮ್ಮ ಕಡೆ ಈ ಕಾಲದಲ್ಲಿ ಮಧ್ಯಾಹ್ನದ ತೇವಾಂಶ ನೂರಕ್ಕೆ 30-40ರ ಹತ್ತಿರ ಇಳಿಯುವುದು ಸಾಮಾನ್ಯ. ಕರಾವಳಿಯಲ್ಲಿ 60-70. ಅಮೆರಿಕದ ಹವಾಮಾನ ಸೇವೆ ಬಳಸುವ ಶಾಖ ಸೂಚ್ಯಂಕದ ಪ್ರಕಾರ ನೆರಳಿನಲ್ಲಿ 32 ಡಿಗ್ರಿ ಇದ್ದು ತೇವಾಂಶ 40 ಇದ್ದರೆ ಮೈಗೆ ಅದು ಸುಮಾರು 33 ಡಿಗ್ರಿಯಂತೆ ತಾಗುತ್ತದೆ. ತೇವಾಂಶ 70 ಆದರೆ ಅದೇ 32 ಡಿಗ್ರಿ ಸುಮಾರು 41 ಡಿಗ್ರಿಯಂತೆ. ನೇರ ಬಿಸಿಲಿಗೆ ನಿಂತರೆ ಇನ್ನೂ ಏಳೆಂಟು ಡಿಗ್ರಿ ಸೇರಬಹುದು. ಫೋನಿನಲ್ಲಿ ಹವಾಮಾನ ನೋಡಿ ‘ಅಲ್ಲೂ 32, ಇಲ್ಲೂ 32, ಏನ್ ವ್ಯತ್ಯಾಸ’ ಎನ್ನುವವರು ಕೆಳಗೆ ಸಣ್ಣ ಅಕ್ಷರದಲ್ಲಿರುವ ತೇವಾಂಶದ ಅಂಕಿಯನ್ನೂ ನೋಡಬೇಕು.

ಭಾರತೀಯ ಹವಾಮಾನ ಇಲಾಖೆಯ ಲೆಕ್ಕವೂ ಇದನ್ನೇ ಹೇಳುತ್ತದೆ. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿದ ಮೇಲೆ ಬಿಸಿಗಾಳಿಯ ಮಾತು. ಕರಾವಳಿಗೆ 37 ಡಿಗ್ರಿ ಸಾಕು, ಅದು ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು. 2025ರ ಶಿವರಾತ್ರಿ ಫೆಬ್ರವರಿ 26ಕ್ಕೆ ಬಿತ್ತು. ಅದರ ಆಸುಪಾಸಿನ ದಿನಗಳಲ್ಲೇ ಇಲಾಖೆ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತು. ಗೋಕರ್ಣದಲ್ಲಿ ಜಾತ್ರೆಯ ಜನ ಸೇರುವ ಹೊತ್ತು ಅದು.

ಸಮುದ್ರದ ಪಕ್ಕದಲ್ಲಿ ಹಾಗೇಕೆ? ಮಾಮೂಲಿ ದಿನ ಹೊತ್ತೇರುತ್ತಿದ್ದಂತೆ ಕಡಲ ಕಡೆಯಿಂದ ತಣ್ಣನೆ ಗಾಳಿ ಬೀಸಿ ಉಷ್ಣಾಂಶ ಏರದಂತೆ ತಡೆಯುತ್ತದೆ. ಫೆಬ್ರವರಿ-ಮಾರ್ಚ್‌ನ ಕೆಲವು ದಿನ ಘಟ್ಟದ ಕಡೆಯಿಂದ ಬೀಸುವ ಮೂಡಣ ಗಾಳಿ ಜೋರಾಗಿದ್ದು, ಕಡಲ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಆ ದಿನ ಬೆಳಿಗ್ಗೆ ಹತ್ತೂವರೆ-ಹನ್ನೊಂದಕ್ಕೇ ಕಾವು ಏರಿಬಿಟ್ಟಿರುತ್ತದೆ. ಆದ್ದರಿಂದ ತೀರದಲ್ಲಿ ಓಡಾಟವೆಲ್ಲ ಬೆಳಿಗ್ಗೆ ಒಂಬತ್ತೂವರೆಯೊಳಗೆ, ಮತ್ತೆ ಸಂಜೆ ನಾಲ್ಕೂವರೆ ಮೇಲೆ. ದೇವಸ್ಥಾನದ ಸಾಲು ಉದ್ದ ಇದ್ದರೆ ವಯಸ್ಸಾದವರನ್ನು ನೆರಳಲ್ಲಿ ಕೂರಿಸಿ, ಸಾಲು ಮುಂದೆ ಬಂದ ಮೇಲೆ ಕರೆಯಿರಿ.

ಇನ್ಸುಲಿನ್ ಮಡಕೆಯ ವಿಷಯ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫ್ರಿಜ್ ಇಲ್ಲದ ಮನೆಗಳಲ್ಲಿ ಇನ್ಸುಲಿನ್ ಬಾಟಲಿಯನ್ನು ಮಣ್ಣಿನ ಮಡಕೆಯಲ್ಲೋ ಒದ್ದೆ ಬಟ್ಟೆ ಸುತ್ತಿಯೋ ಇಡುವುದುಂಟು. ನಮ್ಮ ಒಣ ಹವೆಯಲ್ಲಿ ಈ ಉಪಾಯ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಏಕೆಂದರೆ ಮಡಕೆಯ ಮೈಯಿಂದ ನೀರು ಬೇಗ ಆವಿಯಾಗುತ್ತದೆ. ಕರಾವಳಿಯಲ್ಲಿ ಪಂಚೆ ಒಣಗದ ಹಾಗೆ ಮಡಕೆಯೂ ಬೆವರುವುದಿಲ್ಲ, ತಂಪು ಕಡಿಮೆ. ಒದ್ದೆ ಬಟ್ಟೆಯನ್ನು ನಂಬಿ ಘಟ್ಟ ಇಳಿಯಬೇಡಿ.

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಸುತ್ತಿರುವುದನ್ನು 25-30 ಡಿಗ್ರಿಯೊಳಗೆ ಇಟ್ಟರೆ ಸಾಮಾನ್ಯವಾಗಿ ನಾಲ್ಕು ವಾರ ಬರುತ್ತದೆ, ನಿಮ್ಮ ಔಷಧದ ಪೊಟ್ಟಣದ ಮೇಲೆ ಬರೆದಿರುವುದನ್ನು ಓದಿ. ಬಾಯಿ ಅಗಲದ ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ಪ್ಯಾಕ್ ಇಟ್ಟು, ನಡುವೆ ದಪ್ಪ ಬಟ್ಟೆ ಸುತ್ತಿ ಇನ್ಸುಲಿನ್ ಇಡಿ. ಮಂಜುಗಡ್ಡೆಗೆ ನೇರ ತಾಗಿ ಹೆಪ್ಪುಗಟ್ಟಿದರೆ ಅದು ಕೆಟ್ಟಂತೆ, ಕರಗಿದ ಮೇಲೂ ಬಳಸಬಾರದು. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಒಳಗಂತೂ ಬಿಡಲೇಬೇಡಿ. ಕಿಟಕಿ ಮುಚ್ಚಿದ ಗಾಡಿಯ ಒಳಗೆ 50 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ.

ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು. ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವ ಹಿರಿಯರಿದ್ದಾರೆ. ವರ್ಷಗಳ ಸಕ್ಕರೆ ಕಾಯಿಲೆಯಿಂದ ಪಾದದ ನರ ಮಂದವಾಗಿದ್ದರೆ, ಮಧ್ಯಾಹ್ನದ ಮರಳು, ಗುಡಿಯ ಹೊರಾಂಗಣದ ಕಲ್ಲುಚಪ್ಪಡಿ ಸುಡುವುದು ಗೊತ್ತೇ ಆಗುವುದಿಲ್ಲ. ರೂಮಿಗೆ ಬಂದು ನೋಡಿದಾಗ ಬೊಬ್ಬೆ ಎದ್ದಿರುತ್ತದೆ. ಒಂದು ಜೊತೆ ದಪ್ಪ ಹತ್ತಿ ಕಾಲುಚೀಲ ಬ್ಯಾಗಿನಲ್ಲಿರಲಿ. ರಾತ್ರಿ ಮಲಗುವ ಮೊದಲು ಮನೆಯವರು ಯಾರಾದರೂ ಅವರ ಪಾದ ನೋಡಲಿ.

ಈರುಳ್ಳಿ, ಮಾತ್ರೆ, ಟೆಟ್ರಾ ಪ್ಯಾಕ್

ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲ ಎನ್ನುವ ಸಂದೇಶ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಜೇಬಿನ ಈರುಳ್ಳಿ ಮೈಯ ಬಿಸಿಯನ್ನು ಹೀರಿಕೊಳ್ಳುವ ಯಾವ ದಾರಿಯೂ ಇಲ್ಲ. ಇಡುವುದರಿಂದ ನಷ್ಟವಿಲ್ಲ, ಇಟ್ಟಿದ್ದೇನೆ ಎಂದು ಮಧ್ಯಾಹ್ನ ಹನ್ನೆರಡಕ್ಕೆ ಬೀಚಿನಲ್ಲಿ ನಡೆದರೆ ನಷ್ಟ. ಬಿಸಿಲಿನಿಂದ ಬಂದು ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆ ಎನ್ನುವುದೂ ಸುಳ್ಳು. ಬಾಯಾರಿದಾಗ ನೀರು ಕೊಡದೆ ಕಾಯಿಸುವುದೇ ಹೆಚ್ಚು ಕೆಟ್ಟದ್ದು.

ಬಿಸಿಲಿನ ಹೊಡೆತಕ್ಕೆ ಜ್ವರದ ಮಾತ್ರೆ ನುಂಗಿಸುವುದು ಇದಕ್ಕಿಂತ ಗಂಭೀರವಾದ ತಪ್ಪು. ಜ್ವರ ಬಂದಾಗ ಮಿದುಳೇ ದೇಹದ ಉಷ್ಣಾಂಶದ ಗುರಿಯನ್ನು ಮೇಲಕ್ಕೆ ಏರಿಸಿರುತ್ತದೆ, ಪ್ಯಾರಸಿಟಮಾಲ್ ಆ ಗುರಿಯನ್ನು ಕೆಳಗಿಳಿಸುತ್ತದೆ. ಬಿಸಿಲಿನ ಹೊಡೆತದಲ್ಲಿ ಗುರಿ ಬದಲಾಗಿರುವುದಿಲ್ಲ, ಬಿಸಿ ಹೊರಹೋಗಲು ದಾರಿ ಸಿಗದೆ ಮೈ ಕಾಯುತ್ತಿರುತ್ತದೆ. ಮಾತ್ರೆ ಅಲ್ಲಿ ಏನೂ ಮಾಡುವುದಿಲ್ಲ. ಅರ್ಥವಿಲ್ಲದೆ ಮಾತಾಡುವುದು, ತೊದಲುವುದು, ತೂರಾಡುವುದು, ಪ್ರಜ್ಞೆ ತಪ್ಪುವುದು ಇವುಗಳಲ್ಲಿ ಯಾವುದು ಕಂಡರೂ ನೆರಳಿಗೆ ತನ್ನಿ, ಮೇಲಿನ ಬಟ್ಟೆ ತೆಗೆಯಿರಿ, ಮೈಮೇಲೆಲ್ಲ ನೀರು ಸುರಿದು ಜೋರಾಗಿ ಗಾಳಿ ಹಾಕಿ, ಐಸ್ ಸಿಕ್ಕರೆ ಕಂಕುಳು, ಕುತ್ತಿಗೆ, ತೊಡೆಸಂದಿಗೆ ಇಡಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ‘ಬೆವರ್ತಾನೇ ಇದ್ದಾರೆ, ಏನಿಲ್ಲ ಬಿಡು’ ಎನ್ನುವ ಸಮಾಧಾನವೂ ಬೇಡ, ಬೆವರುತ್ತಿರುವಾಗಲೇ ಬಿಸಿಲಿನ ಹೊಡೆತ ಆಗಬಹುದು.

ಓಆರ್‌ಎಸ್ ಎಂದು ಅಂಗಡಿಯಲ್ಲಿ ಕೊಡುವ ಎಲ್ಲ ಟೆಟ್ರಾ ಪ್ಯಾಕೂ ಓಆರ್‌ಎಸ್ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಇರುತ್ತವೆ. ಸಿಹಿ ಪಾನೀಯಗಳಲ್ಲಿ ಸಕ್ಕರೆ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹೀಗಾಗಿಯೇ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಈ ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಇರಕೂಡದು ಎಂದು ಆದೇಶಿಸಿತು. ಮೆಡಿಕಲ್ ಸ್ಟೋರಿನಲ್ಲಿ ಪುಡಿಯ ಪೊಟ್ಟಣ ಕೇಳಿ ನಾಲ್ಕು ಇಟ್ಟುಕೊಳ್ಳಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಸಮಮಟ್ಟವಾಗಿರಲಿ. ಬಿಪಿ, ಹೃದಯ ಅಥವಾ ಕಿಡ್ನಿಗೆ ಮಾತ್ರೆ ತೆಗೆದುಕೊಳ್ಳುವವರು ಎಷ್ಟು ಉಪ್ಪು-ನೀರು ಎಂಬುದನ್ನು ಹೊರಡುವ ಮೊದಲೇ ತಮ್ಮ ಡಾಕ್ಟರನ್ನು ಕೇಳಿಕೊಳ್ಳಲಿ.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೆಳು ಹತ್ತಿ, ಸಡಿಲ, ಒಂದು ಜೊತೆ ಹೆಚ್ಚು, ಏಕೆಂದರೆ ಒಗೆದದ್ದು ಒಣಗುವುದಿಲ್ಲ. ಕೊಳ್ಳೇಗಾಲದ ರೇಷ್ಮೆ ಸೀರೆ ಉಡಲೇಬೇಕೆಂದರೆ ದರ್ಶನಕ್ಕೆ ಉಟ್ಟು ಬಿಚ್ಚಿಡಿ. ಬೆವರು, ಉಪ್ಪುಗಾಳಿ ಎರಡೂ ರೇಷ್ಮೆಗೆ ಆಗಿಬರುವುದಿಲ್ಲ. ಸನ್‌ಸ್ಕ್ರೀನ್ ಬಿಳಿಯರಿಗೆ ಮಾತ್ರ ಎನ್ನುವ ಮಾತು ಅರ್ಧ ಸತ್ಯ. ನಮ್ಮ ಬಣ್ಣಕ್ಕೆ ಚರ್ಮದ ಕ್ಯಾನ್ಸರ್ ಅಪಾಯ ಕಡಿಮೆ ನಿಜ, ಆದರೆ ಚರ್ಮ ಸುಡುವುದೂ ಕಣ್ಣಿಗೆ ಹಾನಿಯಾಗುವುದೂ ತಪ್ಪುವುದಿಲ್ಲ. ತೆಳು ಮೋಡದ ಮೂಲಕ ಅತಿನೇರಳೆ ಕಿರಣದ ಶೇ 80ರವರೆಗೆ ಇಳಿದುಬರುತ್ತದೆ, ಒಣ ಮರಳು ಶೇ 15ರಷ್ಟನ್ನು ಕೆಳಗಿನಿಂದ ಮುಖಕ್ಕೆ ಹೊಡೆಯುತ್ತದೆ. ದುಬಾರಿ ಕ್ರೀಮಿಗಿಂತ ಮೊದಲು ಕೊಡೆ ಇಟ್ಟುಕೊಳ್ಳಿ.

ಕಾವೇರಿಯಲ್ಲಿ ಈಜಿದವರಿಗೆ ಸಮುದ್ರ ಹೊಸದು

ನಮ್ಮ ಕಡೆ ಕಾವೇರಿ ದಂಡೆಯ ಊರುಗಳ ಹುಡುಗರು ಈಜಿನಲ್ಲಿ ಗಟ್ಟಿಗರು. ‘ಒಳೇಲಿ ಈಜ್ದೋನ್ಗೆ ಸಮುದ್ರ ಏನ್ ಮಾಡದು’ ಎಂದು ಹೇಳುವುದನ್ನು ನಾವೇ ಕೇಳಿದ್ದೇವೆ. ಹೊಳೆಯ ನೀರು ಒಂದೇ ಕಡೆ ಹರಿಯುತ್ತದೆ. ಸೆಳವಿಗೆ ಸಿಕ್ಕರೆ ಅದರ ಜೊತೆ ಓರೆಯಾಗಿ ಹೋಗಿ ಕೆಳಗೆಲ್ಲೋ ದಡ ಹಿಡಿಯಬಹುದು. ಸಮುದ್ರದಲ್ಲಿ ಅಲೆ ದಡಕ್ಕೆ ತಂದು ಸುರಿದ ನೀರು ವಾಪಸು ಹೋಗಬೇಕಲ್ಲ, ಅದು ಮರಳದಿಬ್ಬಗಳ ನಡುವೆ ಸಿಕ್ಕ ಕಿರಿದಾದ ಸಂದಿಯಲ್ಲಿ ಕಾಲುವೆಯಂತೆ ಒಳಕ್ಕೆ ನುಗ್ಗುತ್ತದೆ. ಇದನ್ನೇ ರಿಪ್ ಕರೆಂಟ್ ಎನ್ನುತ್ತಾರೆ. ಜೋರಿದ್ದಾಗ ಸೆಕೆಂಡಿಗೆ ಎರಡೂವರೆ ಮೀಟರ್ ವೇಗ, ಒಲಿಂಪಿಕ್ ಈಜುಗಾರನೂ ಅದಕ್ಕೆ ಎದುರು ಈಜಲಾರ.

ಮೋಸ ಇರುವುದು ನೋಟದಲ್ಲಿ. ಅಕ್ಕಪಕ್ಕ ಅಲೆ ಒಡೆದು ನೊರೆ ಏಳುತ್ತಿರುವಾಗ ಮಧ್ಯೆ ಒಂದು ಪಟ್ಟಿ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಮಕ್ಕಳನ್ನು ಆಡಿಸಲು ಇದೇ ಒಳ್ಳೆಯ ಜಾಗ ಎಂದು ಹೊರಗಿನವರು ಆರಿಸಿಕೊಳ್ಳುವುದು ಆ ಪಟ್ಟಿಯನ್ನೇ. ಅಲೆ ಇಲ್ಲದಿರುವುದಕ್ಕೆ ಕಾರಣ ಅಲ್ಲಿ ಆಳ ಹೆಚ್ಚು, ನೀರು ಒಳಗೆ ಹೋಗುತ್ತಿದೆ ಎಂಬುದು.

2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ನೀರುಪಾಲಾದರು. ಇನ್ನೂ ಮೂವರನ್ನು ಎಳೆದು ಉಳಿಸಲಾಯಿತು. ಅದು ಮಳೆಗಾಲವಲ್ಲ, ಚಂಡಮಾರುತವೂ ಇರಲಿಲ್ಲ. ಅವರೂ ನಮ್ಮ ಹಾಗೆ ಬಯಲುಸೀಮೆಯವರು.

ಉಪ್ಪುನೀರಿನಲ್ಲಿ ಮನುಷ್ಯ ಮುಳುಗುವುದಿಲ್ಲ ಎನ್ನುವ ಫಾರ್ವರ್ಡಿಗೆ ಮೂಲ ಮೃತ ಸಮುದ್ರ. ಅಲ್ಲಿ ಲೀಟರಿಗೆ 340 ಗ್ರಾಂ ಸುಮಾರು ಲವಣ ಇದೆ. ಅರಬ್ಬಿ ಸಮುದ್ರದಲ್ಲಿ 35 ಗ್ರಾಂ. ಹೊಳೆಯ ನೀರಿಗಿಂತ ಶೇ ಎರಡೂವರೆಯಷ್ಟು ಮಾತ್ರ ಹೆಚ್ಚು ಸಾಂದ್ರ, ಅದು ಯಾರನ್ನೂ ತೇಲಿಸಿ ಕಾಪಾಡುವುದಿಲ್ಲ.

ಸೆಳವಿಗೆ ಸಿಕ್ಕಿದರೆ ದಡದ ಕಡೆ ಈಜಲು ಹೆಣಗಬೇಡಿ. ಬಹುಪಾಲು ಜನ ಸಾಯುವುದು ಸುಸ್ತಾಗಿ. ಅಂಗಾತ ತೇಲಿ, ಕೈ ಎತ್ತಿ ಕೂಗಿ. ಸೆಳವಿನ ಅಗಲ ಹಲವು ಸಲ ಹತ್ತಿಪ್ಪತ್ತು ಮೀಟರ್ ಅಷ್ಟೇ, ಆದ್ದರಿಂದ ಈಜು ಬರುವವರು ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬಂದು, ಆಮೇಲೆ ಅಲೆ ಒಡೆಯುವ ಕಡೆಯಿಂದ ಮರಳಬಹುದು. ದಡದಲ್ಲಿರುವವರು ಹಿಂದುಮುಂದು ನೋಡದೆ ನೀರಿಗೆ ಹಾರಿದರೆ ಒಂದರ ಬದಲು ಎರಡು ಜೀವ ಹೋಗುತ್ತದೆ. ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ, ಹಗ್ಗ, ಮುಚ್ಚಳ ಹಾಕಿದ ಖಾಲಿ ನೀರಿನ ಕ್ಯಾನ್, ಗಂಟು ಹಾಕಿದ ಪಂಚೆ-ಸೀರೆ ಏನು ಸಿಕ್ಕರೂ ಎಸೆಯಿರಿ.

ಉಪ್ಪಿನಲ್ಲಿ ಹೂತರೆ ಜೀವ ಬರುತ್ತದೆಯೇ?

ಈ ಒಂದು ಫಾರ್ವರ್ಡಿಗಾಗಿಯೇ ಈ ಲೇಖನ ಬರೆಯಬೇಕೆನಿಸಿತು. ನೀರಿನಲ್ಲಿ ಮುಳುಗಿ ಸತ್ತವರ ದೇಹವನ್ನು ಕೆಲವು ಗಂಟೆಯೊಳಗೆ ಉಪ್ಪಿನಲ್ಲಿ ಮುಚ್ಚಿಟ್ಟರೆ, ಉಪ್ಪು ನೀರನ್ನೆಲ್ಲ ಹೀರಿ ಜೀವ ಮರಳುತ್ತದೆ ಎಂದು ಅದು ಹೇಳುತ್ತದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ, ಮುಳುಗಿದ ಮಕ್ಕಳನ್ನು ಹೆತ್ತವರು ಮೂಟೆಗಟ್ಟಲೆ ಉಪ್ಪಿನಲ್ಲಿ ಮುಚ್ಚಿ ಗಂಟೆಗಟ್ಟಲೆ ಕಾದರು. ಯಾರೂ ಏಳಲಿಲ್ಲ. ಆ ತಂದೆತಾಯಿಯನ್ನು ಮೂಢರೆಂದು ನಗಬೇಡಿ. ಮಗುವನ್ನು ಕಳೆದುಕೊಂಡ ಹೊತ್ತಿನಲ್ಲಿ ಫೋನಿನಲ್ಲಿ ಓದಿದ ಒಂದು ಸಾಲು ನೆನಪಿಗೆ ಬಂದರೆ ಯಾರಾದರೂ ಅದನ್ನೇ ಹಿಡಿಯುತ್ತಾರೆ. ತಪ್ಪು ಆ ಸಾಲನ್ನು ಓದದೆ ಮುಂದೆ ಕಳುಹಿಸಿದ ನಮ್ಮೆಲ್ಲರದು.

ಮುಳುಗಿದವರು ಸಾಯುವುದು ಹೊಟ್ಟೆಯಲ್ಲಿ ನೀರು ತುಂಬಿದ್ದರಿಂದಲ್ಲ, ಮಿದುಳಿಗೆ ಆಮ್ಲಜನಕ ಸಿಗದೆ. ಉಸಿರಿಲ್ಲದೆ ನಾಲ್ಕೈದು ನಿಮಿಷವಾದರೆ ಮಿದುಳಿಗೆ ಪೆಟ್ಟು ಶುರು. ಚರ್ಮದ ಮೇಲಿನ ಉಪ್ಪು ಶ್ವಾಸಕೋಶವನ್ನು ತಲುಪುವುದೂ ಇಲ್ಲ. ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಇವೂ ಸಮಯ ಹಾಳು, ಮೇಲಾಗಿ ವಾಂತಿ ಶ್ವಾಸಕೋಶಕ್ಕೆ ಹೋಗುವ ಅಪಾಯ.

ಮಾಡಬೇಕಾದದ್ದು ಇಷ್ಟು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ, ಬೆಚ್ಚಗೆ ಹೊದಿಸಿ. ಉಸಿರಿಲ್ಲದಿದ್ದರೆ ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಮೇಲೇಳುವಂತೆ ಮೊದಲು ಉಸಿರು ಕೊಡಿ. ಆಮೇಲೆ ಎದೆಯ ನಡುವೆ ಜೋರಾಗಿ, ಬೇಗಬೇಗ 30 ಸಲ ಒತ್ತಿ, ಮತ್ತೆ 2 ಉಸಿರು. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ, ಉಸಿರಾಟದ ತೊಂದರೆ ಕೆಲವು ಗಂಟೆಯ ನಂತರ ಕಾಣಿಸಿಕೊಳ್ಳಬಹುದು. ಗಾಡಿ ಹತ್ತುವ ಮೊದಲು ಮನೆಯ ಇಬ್ಬರಾದರೂ ಇದನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲೋ ನರ್ಸ್ ಆಗಿರುವ ನೆಂಟರ ಬಳಿಯೋ ಕೈಯಲ್ಲಿ ಮಾಡಿ ಕಲಿತಿರಲಿ.

ಲೋಳೆಮೀನು ಕುಟ್ಟಿದರೆ ಮೂತ್ರ ಹಾಕಬೇಡಿ, ಮರಳಲ್ಲಿ ತಿಕ್ಕಬೇಡಿ. ಸಮುದ್ರದ ನೀರಿನಲ್ಲೇ ತೊಳೆದು, ಅಂಟಿದ ಎಳೆಗಳನ್ನು ಕಡ್ಡಿಯಿಂದ ತೆಗೆದು, ತಾಳಿಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಆ ಭಾಗವನ್ನು 20 ನಿಮಿಷ ಇಡಿ. ಉಸಿರು ಕಟ್ಟಿದರೆ ಆಸ್ಪತ್ರೆ.

ಇನ್ನು ಬ್ಯಾಗು. ಜಾಕೆಟ್ ತೆಗೆದ ಜಾಗದಲ್ಲಿ ಓಆರ್‌ಎಸ್ ಪುಡಿ, ಕೊಡೆ, ಹತ್ತಿ ಟವೆಲ್, ಕಾಲುಚೀಲ, ಇನ್ಸುಲಿನ್ ಫ್ಲಾಸ್ಕ್, ಮಾತ್ರೆಗಳ ಚೀಟಿಯ ಫೋಟೋ, ಹತ್ತು ಮೀಟರ್ ನೈಲಾನ್ ಹಗ್ಗ, ಐದು ಲೀಟರಿನ ಖಾಲಿ ಕ್ಯಾನ್. ಹಗ್ಗ, ಕ್ಯಾನ್ ಎರಡೂ ಟಿಟಿಯ ಡಿಕ್ಕಿಯಲ್ಲಿ ಬೇಡ, ನೀರಿನ ಹತ್ತಿರ ಕೈಗೆ ಸಿಗುವಂತಿರಲಿ. ಹಿಂದಿನ ಸಂಜೆ ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ. ಜೊತೆಗೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆ ಎಚ್ಚರಿಕೆಯನ್ನೂ ನೋಡಿ. ಇಲ್ಲಿ ಗಾಳಿಯೇ ಇಲ್ಲದಿದ್ದರೂ ದಕ್ಷಿಣದ ದೂರದ ಸಾಗರದಲ್ಲಿ ಎದ್ದ ಬಿರುಗಾಳಿಯ ಉಬ್ಬಲೆ ದಿನಗಳ ನಂತರ ನಮ್ಮ ತೀರ ಮುಟ್ಟುತ್ತದೆ. ಕೇರಳದವರು ಕಲ್ಲಕ್ಕಡಲ್, ಕಳ್ಳನಂತೆ ಬರುವ ಕಡಲು, ಎಂದು ಕರೆಯುವುದು ಇದನ್ನೇ. ಬೀಚಿನಲ್ಲಿ ಕೆಂಪು ಬಾವುಟ ಇದ್ದರೆ ಮೊಣಕಾಲುದ್ದ ನೀರಿಗೂ ಇಳಿಯಬೇಡಿ. ಬಾವುಟವೂ ಇಲ್ಲ, ಜೀವರಕ್ಷಕರೂ ಇಲ್ಲ ಎಂದರೆ ಅಲ್ಲಿನ ಮೀನುಗಾರರನ್ನು ‘ಇಲ್ಲಿ ಇಳೀಬಹುದಾ ಅಣ್ಣ’ ಎಂದು ಕೇಳಿ. ಅವರು ಬೇಡ ಅಂದರೆ ಮಕ್ಕಳಿಗೆ ದಡದಲ್ಲೇ ಒಂದು ಬಕೆಟ್ ಕೊಡಿಸಿ.